ಕುಡಿಯುವ ನೀರಿನ ಉಪ್ಪೂ ಅದರ ವಿಲೇವಾರಿಯೂ

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಗ್ರಾಮಸ್ಥರಿಗಾಗಿ ಮಾಡಿದ ಉಪನ್ಯಾಸ)



ಕಪಿಲೆಯೂ ಕಾವೇರಿಯೂ ಕೂಡುವ ಈ ಸೀಮೆಯಲ್ಲಿ ನೀರು ಉಪ್ಪೆಂಬ ಮಾತು ಪರಸ್ಥಳದವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನದಿಗೂ ನಾಲೆಗೂ ದೂರವಾಗಿ ಕೊಳವೆಬಾವಿಯನ್ನೇ ನಂಬಿರುವ ಅನೇಕ ಹಳ್ಳಿಗಳ ಹೆಂಗಸರು ಇದನ್ನು ಚೆನ್ನಾಗಿ ಬಲ್ಲರು. ಬೇಳೆ ಬೇಯದು, ಸಾಬೂನು ನೊರೆಗೂಡದು, ಪಾತ್ರೆಯ ತಳದಲ್ಲಿ ಬಿಳಿಯ ಹೆಪ್ಪು ಕಟ್ಟುವುದು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಲವಣಗಳನ್ನು ಕರಗಿಸಿಕೊಂಡಿರುವುದೇ ಇದಕ್ಕೆ ಮುಖ್ಯ ಕಾರಣ.

ಇಂಥ ಊರುಗಳಿಗೆ ಶುದ್ಧ ಕುಡಿಯುವ ನೀರಿನ ಘಟಕವು ಉಪಕಾರಿಯೇ ಸರಿ. ಆದರೆ ಯಂತ್ರವು ಉಪ್ಪನ್ನು ನಾಶಮಾಡುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಕೂಡಿಸುತ್ತದೆ, ಅಷ್ಟೇ. ಲೀಟರಿಗೆ 1,500 ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೆ 20,000 ಲೀಟರು ಎತ್ತಿ, ಅದರಲ್ಲಿ ಅರ್ಧವನ್ನು 100 ಮಿಲಿಗ್ರಾಮಿಗೆ ಇಳಿಸಿ ಜನರಿಗೆ ಕೊಟ್ಟರೆಂದು ಇಟ್ಟುಕೊಳ್ಳಿ. ಉಳಿದ 10,000 ಲೀಟರು ನೀರಿನೊಡನೆ 29 ಕಿಲೋಗ್ರಾಂ ಲವಣವು ಹಿತ್ತಲಿನ ಕೊಳವೆಯಿಂದ ಹೊರಬೀಳುವುದು. ವರ್ಷಕ್ಕೆ ಇದು ಹತ್ತೂವರೆ ಟನ್ನು. ಹತ್ತು ಗಾಡಿ ಉಪ್ಪನ್ನು ಒಬ್ಬನ ಹೊಲದ ಮೂಲೆಯಲ್ಲಿ ಸುರಿಯಲು ಯಾವ ಗ್ರಾಮವೂ ಒಪ್ಪಲಾರದು; ನೀರಿನಲ್ಲಿ ಕರಗಿದೆಯೆಂಬ ಒಂದೇ ಕಾರಣದಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಉಪ್ಪು ಏನು ಮಾಡಬಲ್ಲುದೆಂಬುದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ನಾಲೆಯ ಕೆಳಗಿನ ತಗ್ಗು ಗದ್ದೆಗೆ ಬಸಿಗಾಲುವೆ ಇಲ್ಲದಿದ್ದರೆ ನೀರು ನಿಂತು, ಆವಿಯಾಗಿ, ಮಣ್ಣಿಗೆ ಚೌಳು ಹತ್ತುವುದನ್ನು ರೈತರು ಬಲ್ಲರು. ಘಟಕದ ತ್ಯಾಜ್ಯ ನೀರೂ ಅದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ರಸಬಾಳೆಗೆ ಹೆಸರಾದ ನಂಜನಗೂಡಿನ ಸೀಮೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಾಳೆಯು ಉಪ್ಪನ್ನು ತಾಳಲಾರದ ಬೆಳೆ, ಅದರ ಎಲೆಯ ಅಂಚು ಮೊದಲು ಸುಡುವುದು. ತೆಂಗು ಸ್ವಲ್ಪ ತಡೆಯುವುದಾದರೂ ನೀರು ಬಸಿದುಹೋಗುವ ನೆಲದಲ್ಲಿ ಮಾತ್ರ. ಕಪ್ಪು ಜೇಡಿಯ ತಗ್ಗಿನಲ್ಲಿ ಅದನ್ನೂ ನಂಬಕೂಡದು.

ಎಲ್ಲಕ್ಕಿಂತ ಕೆಟ್ಟ ಪದ್ಧತಿಯೆಂದರೆ ಈ ನೀರನ್ನು ಹಾಳುಬಾವಿಗೋ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೋ ಬಿಡುವುದು. ನೀರು ಇಂಗಿಸಿದ ಪುಣ್ಯ ಬಂದಿತೆಂದು ಕೆಲವರು ಭಾವಿಸುವರು. ವಾಸ್ತವವಾಗಿ ತೆಗೆದ ಉಪ್ಪನ್ನು ತಮ್ಮ ಬಾಯಿಗೇ ಹಿಂತಿರುಗಿಸಿದಂತಾಯಿತು. ಇಂಗುಗುಂಡಿಗೆ ಮಳೆಯ ನೀರು ಮಾತ್ರ ತಕ್ಕದ್ದು.

ಕೆರೆಯಂಥ ಹೊಂಡದಲ್ಲಿ ಒಣಗಿಸಬಹುದಲ್ಲವೇ ಎಂದರೆ, ಲೆಕ್ಕ ನೋಡಬೇಕು. ಮಳೆಯನ್ನು ಕಳೆದು ವರ್ಷಕ್ಕೆ ಒಂದು ಮೀಟರು ಆಳ ಬತ್ತುವುದೆಂದು ಹಿಡಿದರೆ ಮೇಲಿನ ನೀರಿಗೆ 36 ಗುಂಟೆಯ ಹೊಂಡ ಬೇಕು, ತಳವೂ ಸೋರಬಾರದು. ಅಷ್ಟು ಜಮೀನನ್ನು ಎಷ್ಟು ಗ್ರಾಮಗಳು ಬಿಟ್ಟುಕೊಟ್ಟಾವು? ಆದುದರಿಂದ ತ್ಯಾಜ್ಯವನ್ನು ಮೊದಲೇ ಕಡಿಮೆಮಾಡುವುದೇ ಜಾಣತನ.

ಅದಕ್ಕೆ ದಾರಿ ಉಂಟು. ಕುಡಿಯುವ ನೀರಿನಲ್ಲಿ ಲವಣಾಂಶವು ಲೀಟರಿಗೆ 500 ಮಿಲಿಗ್ರಾಂವರೆಗೆ ಇರಬಹುದೆಂದೂ, ಬೇರೆ ಆಧಾರವಿಲ್ಲದಾಗ 2,000ದವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. 100ಕ್ಕೆ ಇಳಿಸುವ ಅಗತ್ಯವೇ ಇಲ್ಲ. ಶುದ್ಧೀಕರಿಸಿದ ಐದು ಪಾಲಿಗೆ ಮೂಲ ನೀರಿನ ಎರಡು ಪಾಲನ್ನು ಬೆರೆಸಿದರೆ ಸುಮಾರು 500 ಆಗುವುದು. ತ್ಯಾಜ್ಯವು 10,000 ಲೀಟರಿನಿಂದ ಏಳು ಸಾವಿರ ಚಿಲ್ಲರೆಗೆ ಇಳಿಯುವುದು. ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಬೆರೆಸುವ ನೀರು ರೋಗಾಣುರಹಿತವಾಗಿರಬೇಕು. ಫ್ಲೋರೈಡೂ ನೈಟ್ರೇಟೂ ಮಿತಿಮೀರಿದ ಬಾವಿಯ ನೀರನ್ನು ಹೀಗೆ ಬೆರೆಸಲೇಕೂಡದು; ಕೈಯಲ್ಲಿ ಹಿಡಿಯುವ ಟಿ.ಡಿ.ಎಸ್. ಮೀಟರು ಇವುಗಳನ್ನು ತೋರಿಸುವುದಿಲ್ಲವಾದ್ದರಿಂದ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಕಬಿನಿಯ ಅಥವಾ ಕಾವೇರಿಯ ನೀರು ಬಹುಗ್ರಾಮ ಯೋಜನೆಯ ಕೊಳವೆಯಲ್ಲಿ ಬರುವ ಊರಿನಲ್ಲಿ ಅದನ್ನೇ ಕುಡಿಯಲು ಇಟ್ಟುಕೊಂಡು, ಉಪ್ಪು ನೀರಿನ ಯಂತ್ರವನ್ನು ಕೊರತೆಯ ದಿನಗಳಿಗೆ ಮಾತ್ರ ನಡೆಯಿಸುವುದು ಮೇಲು.

ಉಳಿದ ತ್ಯಾಜ್ಯ ನೀರನ್ನು ಶೌಚಾಲಯಕ್ಕೂ ಗಾಡಿ ತೊಳೆಯುವುದಕ್ಕೂ ಬಳಸಬಹುದು. ಇದರಿಂದ ಉಪ್ಪು ಇಲ್ಲವಾಗದು. ಹೊಸದಾಗಿ ಎತ್ತುವ ನೀರು ಉಳಿಯುವುದು. ದನಗಳಿಗೆ ಇದನ್ನು ಪರೀಕ್ಷೆಯಿಲ್ಲದೆ ಕುಡಿಸಬಾರದು. ಚರಂಡಿಯು ಕೊನೆಗೆ ಯಾರ ಜಮೀನಿಗೆ ಮುಟ್ಟುವುದೆಂದು ಯಜಮಾನರು ಒಮ್ಮೆ ನಡೆದು ನೋಡಿ, ಆ ರೈತನನ್ನು ಕೂರಿಸಿಕೊಂಡೇ ದಾರಿಯನ್ನು ನಿಶ್ಚಯಿಸತಕ್ಕದ್ದು. ಮುಂಗಾರಿಗೆ ಮೊದಲೂ ಅನಂತರವೂ ಅವನ ಬಾವಿಯ ನೀರನ್ನು ಅಳೆದು ಪಂಚಾಯಿತಿಯ ಪುಸ್ತಕದಲ್ಲಿ ಬರೆಯಿಸತಕ್ಕದ್ದು.