ಹುಲ್ಲು ಹಾಕುವ ಸಾಧನ: ಮೊದಲು ಯಾವುದು ಬೇಕು?

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ನಾನು ಬೇಸಾಯಶಾಸ್ತ್ರದ ಮೇಷ್ಟ್ರು. ಮೇವನ್ನು ಹೇಗೆ ಬೆಳೆಯಬೇಕೆಂದು ಹೇಳುವುದು ನನ್ನ ಕಸುಬು. ಆದರೆ ಹಳ್ಳಿಗಳಿಗೆ ಹೋದಾಗ ಕೇಳಿಬರುವ ಪ್ರಶ್ನೆಯೇ ಬೇರೆ: "ಸ್ವಾಮಿ, ಮೇವು ಕತ್ತರಿಸುವ ಯಂತ್ರ ತರಬೇಕೆಂದಿದ್ದೇವೆ, ಯಾವುದು ಒಳ್ಳೆಯದು?" ಉತ್ತರ ಹೇಳುವ ಮುನ್ನ ನಾನು ಅವರ ಕೊಟ್ಟಿಗೆಗೆ ಹೋಗಿ ರಾಸುಗಳ ಕಾಲ ಬುಡ ನೋಡುತ್ತೇನೆ. ಅಲ್ಲಿ ಒಳ್ಳೆಯ ರಾಗಿಹುಲ್ಲು ಸಗಣಿ ಗಂಜಲದಲ್ಲಿ ಕಲೆತು ಬಿದ್ದಿದ್ದರೆ ಆ ಮನೆಗೆ ಮೊದಲು ಬೇಕಾದುದು ಯಂತ್ರವಲ್ಲ, ಗೋದಲಿ.

ಈ ಮಾತನ್ನು ನಂಬಬೇಡಿ, ತೂಗಿ ನೋಡಿ. ನಾಳೆ ಸಂಜೆ ಹಾಕುವ ಹುಲ್ಲನ್ನು ತೂಕ ಮಾಡಿ ಹಾಕಿ. ಬೆಳಿಗ್ಗೆ ರಾಸುಗಳು ತುಳಿದು ಕೆಡಿಸಿದ್ದನ್ನು ಕೊಡವಿ, ಒಣಗಿಸಿ, ಮತ್ತೆ ತೂಗಿ. ರಾಸಿಗೆ ದಿನಕ್ಕೆ ಒಂದೇ ಕಿಲೋ ಹಾಳಾದರೂ ನಾಲ್ಕು ರಾಸುಗಳಿರುವ ಮನೆಯಲ್ಲಿ ವರ್ಷಕ್ಕೆ 1,460 ಕಿಲೋ ಆಯಿತು. ದಿನಕ್ಕೆ 5 ಕಿಲೋ ಒಣಹುಲ್ಲು ತಿನ್ನುವ ಒಂದು ಹಸುವಿಗೆ ಅದು ಒಂಬತ್ತು ತಿಂಗಳಿಗೂ ಮೀರಿದ ಮೇವು. ಏಪ್ರಿಲ್ ಮೇ ತಿಂಗಳಲ್ಲಿ ಬಣವೆ ಬರಿದಾಗಿ, ಕಟ್ಟಿನ ಲೆಕ್ಕದಲ್ಲಿ ಹುಲ್ಲು ಕೊಳ್ಳಲಾರದೆ ಕರೆಯುವ ಹಸುವನ್ನು ಸಂತೆಗೆ ಹೊಡೆದವರು ನಿಮ್ಮಲ್ಲೂ ಇರಬಹುದು. "ಬಿದ್ದ ಹುಲ್ಲು ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತದಲ್ಲ" ಎಂದು ಹಿರಿಯರು ಹೇಳುತ್ತಾರೆ. ನಿಜ, ಆಗುತ್ತದೆ. ಆದರೆ ತಿಪ್ಪೆಗೆ ತರಗೆಲೆ ಹಾಕಿದರೂ ಸಾಕು. ಹಸುವಿಗೆ ತರಗೆಲೆ ಹಾಕಲಾಗುವುದಿಲ್ಲ.

ಹುಲ್ಲು ಏಕೆ ಹಾಳಾಗುತ್ತದೆ? ಹಸು ಬಾಯಿ ತುಂಬ ಎಳೆದುಕೊಂಡು, ತಲೆಯೆತ್ತಿ, ಪಕ್ಕದ ರಾಸನ್ನು ನೋಡುತ್ತಾ ಅಗಿಯುತ್ತದೆ. ಅರ್ಧ ಕೆಳಗೆ ಬೀಳುತ್ತದೆ. ಬಿದ್ದುದನ್ನು ತುಳಿದ ಮೇಲೆ ಅದೇ ಮೂಸಿ ಬಿಡುತ್ತದೆ. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಉಂಡೆಕಟ್ಟಿದ ಹುಲ್ಲನ್ನು ನಾಲ್ಕು ಬಗೆಯ ಸಾಧನಗಳಲ್ಲಿಟ್ಟು ಹಸುಗಳಿಗೆ ತಿನ್ನಿಸಿದರು. ಕೋನಾಕಾರದ ಚೌಕಟ್ಟಿನಲ್ಲಿ ಶೇಕಡಾ 3.5, ಬಳೆಯಾಕಾರದ್ದರಲ್ಲಿ 6.1, ಗಾಡಿಯ ಮೇಲಿಟ್ಟಾಗ 11.4, ತೊಟ್ಟಿಲಿನಂಥದ್ದರಲ್ಲಿ 14.6ರಷ್ಟು ಹುಲ್ಲು ವ್ಯರ್ಥವಾಯಿತು. ತೊಟ್ಟಿಲಿನ ಬಳಿ ಹಸುಗಳು ಹಾಯ್ದಾಡಿ ಮತ್ತೆ ಮತ್ತೆ ತಲೆ ಹೊರತೆಗೆಯುತ್ತಿದ್ದುದು ಕಂಡುಬಂತು. ಅವರ ಕಬ್ಬಿಣದ ಚೌಕಟ್ಟುಗಳು ನಮ್ಮ ಎರಡು ಮೂರು ರಾಸಿನ ಕೊಟ್ಟಿಗೆಗೆ ಬೇಕಿಲ್ಲ. ಆದರೆ ಅದರಿಂದ ತಿಳಿಯುವ ವಿಷಯ ನಮಗೂ ಸಲ್ಲುತ್ತದೆ: ಮೇಯುವಾಗ ಹಸುವಿನ ತಲೆ ಹುಲ್ಲಿನ ಮೇಲೆಯೇ ಇರುವಂತೆ ಮಾಡುವ ಸಾಧನವೇ ಒಳ್ಳೆಯ ಸಾಧನ.

ಆದುದರಿಂದ ಗೋದಲಿಯ ಅಳತೆಗೆ ಗಮನ ಕೊಡಿ. ದೊಡ್ಡ ರಾಸೊಂದಕ್ಕೆ 60ರಿಂದ 75 ಸೆಂ.ಮೀ. ಉದ್ದ, ಅಂದರೆ ಎರಡರಿಂದ ಎರಡೂವರೆ ಅಡಿ ಜಾಗ ಬೇಕು. ಅಗಲ 60 ಸೆಂ.ಮೀ., ಆಳ 40 ಸೆಂ.ಮೀ. ಇರಲಿ. ಹಸು ನಿಲ್ಲುವ ಕಡೆಯ ಗೋಡೆ 50 ಸೆಂ.ಮೀ. ಸಾಕು, ಆಗ ಗೋದಲಿಯ ತಳ ಹಸು ನಿಂತ ನೆಲಕ್ಕಿಂತ 10 ಸೆಂ.ಮೀ. ಮೇಲಿರುತ್ತದೆ. ಎದುರುಗಡೆಯ ಗೋಡೆ ಇನ್ನೂ ಸ್ವಲ್ಪ ಎತ್ತರವಿದ್ದರೆ ರಾಸು ಮೂತಿಯಿಂದ ಮೇವನ್ನು ಆಚೆ ನೂಕುವುದು ತಪ್ಪುತ್ತದೆ. ಒಳಮೂಲೆಗಳನ್ನು ದುಂಡಗೆ ಮಾಡಿಸಿ, ಇಲ್ಲದಿದ್ದರೆ ಹಳೆಯ ಮೇವು ಅಲ್ಲಿ ಕೂತು ಕೊಳೆಯುತ್ತದೆ. ತೊಳೆದ ನೀರು ಹೋಗಲು ಒಂದು ತುದಿಯಲ್ಲಿ ತೂತಿರಲಿ. ಸಿಮೆಂಟೇ ಆಗಬೇಕೆಂದಿಲ್ಲ. ಕಲ್ಲು ಚಪ್ಪಡಿ ಸಿಗುವ ಕಡೆ ಚಪ್ಪಡಿಯೇ ಅಗ್ಗ ಮತ್ತು ಬಾಳಿಕೆ. ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿಯೂ ಬಳಸಬಹುದು, ಆದರೆ ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ.

ತಲೆ ತಡೆಯಲು ಏನು ಮಾಡಬೇಕು? ಕೊಂಬು ಸುಟ್ಟ ಮಿಶ್ರತಳಿ ಹಸುಗಳಾದರೆ ಗೋದಲಿಯ ಮೇಲೆ ಓರೆಯಾಗಿ ಪೈಪುಗಳನ್ನು ನಿಲ್ಲಿಸಬಹುದು. ತಲೆ ಓರೆ ಮಾಡದೆ ಹೊರಗೆ ಬರುವುದಿಲ್ಲವಾದ್ದರಿಂದ ಅವು ಅಲ್ಲಿಯೇ ಮೇಯುತ್ತವೆ. ಹಳ್ಳಿಕಾರ್, ಅಮೃತಮಹಲ್ ರಾಸುಗಳಿಗೆ ಇದು ಖಂಡಿತ ಬೇಡ. ಅವುಗಳ ಉದ್ದನೆಯ ಕೊಂಬು ಪೈಪಿಗೆ ಸಿಕ್ಕಿಕೊಂಡು ಕುತ್ತಿಗೆಗೆ ಅಪಾಯ. ಅಂಥವುಗಳಿಗೆ ಕೊರಳಿನ ಮೇಲ್ಭಾಗದ ಎತ್ತರಕ್ಕೆ ಒಂದು ಅಡ್ಡಗಳು ಕಟ್ಟಿ, ಹಗ್ಗವನ್ನು ಗಿಡ್ಡವಾಗಿ ಕಟ್ಟಿದರೆ ಸಾಕು. ಗೋಡೆಗೆ ಎತ್ತರದಲ್ಲಿ ಹೊಡೆದ ಹುಲ್ಲಿನ ತಡಿಕೆಯನ್ನು ಕೆಲವರು ಕೇಳುತ್ತಾರೆ. ಧೂಳು ಕಣ್ಣಿಗೆ ಬೀಳುತ್ತದೆ, ಎಳೆದ ಹುಲ್ಲು ಕೆಳಗೆ ಉದುರುತ್ತದೆ. ಕೆಳಗೆ ಗೋದಲಿ ಇಲ್ಲದೆ ತಡಿಕೆ ಹಾಕಬೇಡಿ.

ಇನ್ನು ಯಂತ್ರ. ಕತ್ತರಿಸಿದ ಮಾತ್ರಕ್ಕೆ ಹುಲ್ಲಿನ ಸತ್ವ ಹೆಚ್ಚುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಎಲೆ ತಿಂದು ದಂಟು ಬಿಡುವ ಚಾಳಿ ತಪ್ಪುತ್ತದೆ, ಹಸಿರು ಮೇವನ್ನು ಒಣಮೇವಿನೊಡನೆ ಬೆರೆಸಲು ಅನುಕೂಲವಾಗುತ್ತದೆ, ಅಷ್ಟೆ. ಹೀಗಾಗಿ ಜೋಳದ ದಂಟು, ಮುಸುಕಿನ ಜೋಳ, ನೇಪಿಯರ್ ಹಾಕುವವರಿಗೆ ಯಂತ್ರದ ಲಾಭ ಹೆಚ್ಚು. ಬರಿಯ ರಾಗಿಹುಲ್ಲು ಹಾಕುವವರಿಗೆ ಕಡಿಮೆ. ತುಂಡುಗಳು 2ರಿಂದ 3 ಸೆಂ.ಮೀ. ಇರಲಿ. ಪುಡಿ ಮಾಡಿದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಹಾಲಿನ ಜಿಡ್ಡು ಇಳಿಯುತ್ತದೆ. ಎರಡು ಮೂರು ರಾಸುಗಳಿದ್ದರೆ ಕೈಚಕ್ರದ ಯಂತ್ರ ಸಾಕು. ಐದಾರು ರಾಸುಗಳಾದರೆ ಒಂದೆರಡು ಎಚ್.ಪಿ. ಮೋಟಾರಿನದು ನೋಡಬಹುದು. ಕರೆಂಟು ಇಲ್ಲದಾಗ ಕೈಯಿಂದಲೂ ತಿರುಗಿಸುವಂತಿದ್ದರೆ ಮೇಲು.

ಬೆಲೆಗಿಂತ ಮೊದಲು ಯಂತ್ರದ ಬಾಯಿ ನೋಡಿ. ಮೇವು ಉಣಿಸುವ ದೋಣಿ ಸುಮಾರು ಮೂರು ಅಡಿ ಉದ್ದವಿದ್ದು, ಉರುಳೆಯ ಕಡೆಯ ಅರ್ಧ ಭಾಗ ಮೇಲಿನಿಂದ ಮುಚ್ಚಿರಬೇಕು; ಕೈ ಉರುಳೆಯವರೆಗೆ ಹೋಗಲೇಬಾರದು. ಅಲಗುಗಳಿಗೆ ಕಾಪು, ಚಕ್ರಕ್ಕೆ ಬೀಗದ ಕೊಂಡಿ, ಮೋಟಾರಿನದಾದರೆ ಬೆಲ್ಟಿಗೆ ಮುಚ್ಚಳ ಮತ್ತು ಉರುಳೆಯನ್ನು ಹಿಂದಕ್ಕೆ ತಿರುಗಿಸುವ ಗೇರು ಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ನೆರೆಮನೆಯ ಜಗಲಿಯಲ್ಲಿ ಇಂಥ ಯಂತ್ರವನ್ನು ಬೀಗ ಹಾಕದೆ ಬಿಟ್ಟಿದ್ದರು. ಅಣ್ಣ ಆಟಕ್ಕೆ ಚಕ್ರ ತಿರುಗಿಸಿದ, ತಂಗಿ ಆಟಕ್ಕೆ ಹುಲ್ಲು ಉಣಿಸಿದಳು. ಆ ಹುಡುಗಿಗೆ ಬಲಗೈಯ ಎರಡು ಬೆರಳಿಲ್ಲ. ಅಂದು ಆ ಚಕ್ರಕ್ಕೆ ಒಂದು ಸರಪಣಿಯೂ ಇರಲಿಲ್ಲ. ಕೆಲಸ ಮುಗಿದೊಡನೆ ಬೀಗ ಹಾಕಿ. ಮೋಟಾರಿನದಾದರೆ ಪ್ಲಗ್ಗನ್ನೂ ಕಿತ್ತಿಡಿ. ಸಡಿಲ ಸೆರಗು, ಕೈಬಳೆ, ನಿದ್ದೆಗಣ್ಣು, ಕುಡಿದ ಅಮಲು ಇವು ಯಾವುವೂ ಯಂತ್ರದ ಮುಂದೆ ಬರಬಾರದು. ಮೊಂಡು ಅಲಗು ಇನ್ನೂ ಅಪಾಯಕರ, ಏಕೆಂದರೆ ಹುಲ್ಲು ಸಿಕ್ಕಿಕೊಂಡು ಅದನ್ನು ಬಿಡಿಸಲು ಕೈ ತಾನಾಗಿ ಒಳಗೆ ಹೋಗುತ್ತದೆ.

ಹೊರಗೆ ಹುಣಸೆಮರದ ಕೆಳಗೆ ಒಂದು ಕೈಯಂತ್ರ ಇಟ್ಟಿದ್ದೇವೆ. ಅಲಗು ಬಿಚ್ಚಿ ಸಾಣೆ ಹಿಡಿಯುವುದನ್ನೂ, ಬೀಗದ ಕೊಂಡಿ ಹಾಕುವುದನ್ನೂ ಈಗ ತೋರಿಸುತ್ತೇನೆ. ಹೆಂಗಸರು ಮುಂದೆ ಬಂದು ನಿಲ್ಲಿ. ಮನೆಯಲ್ಲಿ ಹುಲ್ಲು ಹಾಕುವವರು ಹೆಚ್ಚಾಗಿ ನೀವೇ. ಗಂಡಸರು ಹಿಂದಿನಿಂದ ನೋಡಲಿ.