ಮೇಷ್ಟರ ಜಾಗ, ಅರಸರ ಅರಮನೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಮೇಖ್ರಿ ಸರ್ಕಲ್ಲಿನ ಟ್ರಾಫಿಕ್‌ನಲ್ಲಿ ನಿಂತಾಗಲೆಲ್ಲ ಪಕ್ಕದಲ್ಲಿ ಅರಮನೆ ಮೈದಾನದ ಗೋಡೆ ಕಾಣುತ್ತದೆ. ಅದರೊಳಗಿನ ಬೆಂಗಳೂರು ಅರಮನೆಯ ಕಥೆಯನ್ನೇ ಇವತ್ತು ಹೇಳಬೇಕೆಂದುಕೊಂಡಿದ್ದೇನೆ. ಯಾಕೆಂದರೆ ಅದು ಶುರುವಾಗುವುದು ಒಬ್ಬ ಮೇಷ್ಟರಿಂದ.

ಅವರು ರೆವರೆಂಡ್ ಜಾನ್ ಗ್ಯಾರೆಟ್. 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದವರು. 1858ರಲ್ಲಿ ಆರಂಭವಾದ ಸೆಂಟ್ರಲ್ ಹೈಸ್ಕೂಲಿನ, ಅಂದರೆ ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ, ಮೊದಲ ಪ್ರಾಂಶುಪಾಲರು. ಅರಮನೆಯ ಜಾಗ ಅವರದಾಗಿತ್ತು. 1873ರಲ್ಲಿ ಅದನ್ನು ಬಾಲಕ ಚಾಮರಾಜೇಂದ್ರ ಒಡೆಯರಿಗಾಗಿ ಕೊಂಡರು. ಆಗ ಅರಸರಿಗೆ ಹತ್ತು ವರ್ಷ. ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಬೆಂಗಳೂರಿನಲ್ಲಿದ್ದು ರಾಜ್ಯಭಾರ ಕಲಿಯಲು ಅವರಿಗೊಂದು ಮನೆ ಬೇಕಿತ್ತು. ಹೀಗೆ ಮೇಷ್ಟರ ಜಾಗದಲ್ಲಿ, ಓದುವ ಹುಡುಗನಿಗಾಗಿ, ಇಂಗ್ಲೆಂಡಿನ ಕೋಟೆಗಳಂತೆ ಬುರುಜುಗಳಿರುವ ಅರಮನೆ ಎದ್ದಿತು. 1881ರಲ್ಲಿ ಆ ಹುಡುಗನ ಕೈಗೆ ರಾಜ್ಯ ಮರಳಿ ಬಂತು.

ಈಗ ಆ ಅರಮನೆ ಎಂದರೆ ಸಂಗೀತ ಕಾರ್ಯಕ್ರಮ, ಮದುವೆ, ಇಲ್ಲವೇ ಕೋರ್ಟು ಕೇಸು. ಸರ್ಕಾರ ಅದನ್ನು ವಶಪಡಿಸಿಕೊಳ್ಳಲು 1996ರಲ್ಲಿ ಕಾಯ್ದೆ ಮಾಡಿತು. ರಾಜಮನೆತನದವರು ಪ್ರಶ್ನಿಸಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಾಗದಪತ್ರ, ವಕೀಲರು ಎಲ್ಲ ಇರುವ ಅರಮನೆಯ ಜಾಗಕ್ಕೇ ಈ ಪಾಡು.

ಹಾಗಾದರೆ ನಮ್ಮ ಶಾಲೆಯ ಜಾಗ? ಇದನ್ನು ಕೊಟ್ಟವರು ಯಾರು ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ನಾವು ಖೋಖೋ ಆಡಿದ ಮೈದಾನದ ಪಹಣಿ ಶಾಲೆಯ ಹೆಸರಿನಲ್ಲಿದೆಯೋ ಇಲ್ಲವೋ ಎಂದರೂ ಉತ್ತರವಿಲ್ಲ. ಹಿಂದಿನವರು ಬಾಯಿಮಾತಿನಲ್ಲೇ ಜಮೀನು ಬಿಟ್ಟುಕೊಟ್ಟಿರುತ್ತಾರೆ. ಕೊಟ್ಟವರ ಮಾತು ಗಟ್ಟಿ. ಆದರೆ ಮೊಮ್ಮಕ್ಕಳ ಕಾಲಕ್ಕೆ, ಎಕರೆಗೆ ಬೆಲೆ ಬಂದಾಗ, ಮಾತಿಗೆ ಸಾಕ್ಷಿ ಇರುವುದಿಲ್ಲ.

ಅದಕ್ಕೇ ಹಿರಿಯರಲ್ಲಿ ಒಂದು ವಿನಂತಿ. ನಿಮಗೆ ನೆನಪಿರುವುದನ್ನು ಈ ವರ್ಷವೇ ನಮಗೆ ಹೇಳಿ, ನಾವು ಬರೆದುಕೊಳ್ಳುತ್ತೇವೆ. ಎಸ್‌ಡಿಎಂಸಿಯವರು ಪಹಣಿ ತೆಗೆಸಿ ನೋಡಲಿ, ದಾನಪತ್ರ ಆಗಿಲ್ಲದಿದ್ದರೆ ಮಾಡಿಸಲಿ. ಓಡಾಟಕ್ಕೆ, ಖರ್ಚಿಗೆ ನಾವು ಹಳೆಯ ವಿದ್ಯಾರ್ಥಿಗಳು ಇದ್ದೇವೆ. ಜಾಗ ಕೊಟ್ಟವರ ಹೆಸರನ್ನು ಶಾಲೆಯ ಬಾಗಿಲಲ್ಲಿ ಕಲ್ಲಿನ ಮೇಲೆ ಕೆತ್ತಿಸೋಣ.