ಖರ್ಜೂರದ ಮರದಡಿ ಒಬ್ಬ ತಾಯಿ

ಪಕ್ಕದ ಮನೆಯವರು ರಂಜಾನ್‌ಗೆಂದು ಒಂದು ತಟ್ಟೆ ಖರ್ಜೂರ ಕಳಿಸಿದ್ದರು. ಮೆತ್ತಗೆ ಬೆರಳಿಗಂಟುವ ಹಣ್ಣು. ಬಾಯಿಗಿಟ್ಟಾಗ ಒಬ್ಬ ತಾಯಿಯ ನೆನಪಾಯಿತು.

ಕುರ್‌ಆನಿನ 19ನೆಯ ಅಧ್ಯಾಯದ ಹೆಸರು ಮರ್ಯಮ್. ಯೇಸುವಿನ ತಾಯಿ ಮೇರಿಯೇ ಈಕೆ. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಣ್ಣು ಇವಳೊಬ್ಬಳೇ. ಹೆರಿಗೆ ನೋವಿನಲ್ಲಿ ಅವಳು ಖರ್ಜೂರದ ಮರಕ್ಕೆ ಒರಗುತ್ತಾಳೆ. ಕಾಲಬುಡದಲ್ಲಿ ತಣ್ಣನೆ ನೀರು. ಕಾಂಡ ಅಲುಗಿಸಿದರೆ ಮಾಗಿದ ಹಣ್ಣು ಉದುರುತ್ತದೆ. ಲೂಕನ ಸುವಾರ್ತೆಯಲ್ಲಿ ಈ ಮರವಿಲ್ಲ. ಅಲ್ಲಿ ಬೆತ್ಲೆಹೇಮಿನಲ್ಲಿ ತಂಗಲು ಜಾಗ ಸಿಗದೆ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾಳೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಕ್ರೈಸ್ತರಿಗೆ ಆ ಮಗು ಮೈತಳೆದು ಬಂದ ದೇವರ ವಾಕ್ಯ. ತಂದೆ, ಮಗ, ಪವಿತ್ರಾತ್ಮ, ಮೂವರಲ್ಲೂ ಒಬ್ಬನೇ ದೇವರು. ಮುಸ್ಲಿಮರಿಗೆ ಈಸಾ, ಅಂದರೆ ಯೇಸು, ಪೂಜ್ಯ ಪ್ರವಾದಿ. ದೇವರಿಗೆ ಮಗನಿಲ್ಲ ಎಂಬುದು ಅವರ ದೃಢ ನಂಬಿಕೆ. ಅವರ ಪಾಲಿಗೆ ದೇವರ ಮಾತು ಇಳಿದು ಬಂದದ್ದು ಕುರ್‌ಆನಾಗಿ. ಈ ಅಂತರ ಸಣ್ಣದಲ್ಲ. ಇದನ್ನು ಅಳಿಸಿ, ಎಲ್ಲ ಒಂದೇ ಎಂದುಬಿಟ್ಟರೆ ಇಬ್ಬರಿಗೂ ಅನ್ಯಾಯ ಮಾಡಿದಂತೆ ಎಂದು ನನಗನಿಸುತ್ತದೆ. ಆದರೂ ಅರಬ್ ನಾಡಿನ ಕ್ರೈಸ್ತರು ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವುದು ಅಲ್ಲಾಹ್ ಎಂದೇ!

ತಟ್ಟೆ ಖಾಲಿಯಾಗಿದೆ. ಬರಿದಾಗಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ನಾಲ್ಕು ಬಾಳೆಹಣ್ಣು ಇಟ್ಟು ಕೊಟ್ಟು ಬರುತ್ತೇನೆ.